ರಿಯಾಯಿತಿಯ ತಕ್ಕಡಿಗೂ ಮುದ್ರೆ ಬೇಕು

ನಾಗರಪಂಚಮಿಯಿಂದ ದೀಪಾವಳಿಯ ವರೆಗಿನ ಕಾಲವು ನಮ್ಮ ನಾಡಿನಲ್ಲಿ ವ್ಯಾಪಾರದ ಸುಗ್ಗಿಯಾಗಿರುವದು. ಹಿಂದೆ ಈ ದಿನಗಳಲ್ಲಿ ಭಾಲ್ಕಿ, ಔರಾದ ಕಡೆಯ ಜನರು ಅರಿವೆ ಅಂಚಡಿಗಳಿಗಾಗಿ, ಪಾತ್ರೆ ಪಗಡಗಳಿಗಾಗಿ ಬೀದರ ಪೇಟೆಗೆ ಬರುತ್ತಿದ್ದರು. ಈಗ ಪೇಟೆಯೇ ಅವರ ಅಂಗೈಯ ಮೊಬೈಲಿನೊಳಗೆ ಬಂದು ಕುಳಿತಿದೆ. ಚಿದ್ರಿಯ ಓಣಿಗಳಲ್ಲಿಯೂ ಪಾರ್ಸಲಿನ ಚೀಲ ಹೊತ್ತ ತರುಣರು ಮನೆಮನೆಯ ಬಾಗಿಲು ತಟ್ಟುವದು ಈಗ ದಿನದ ನೋಟ. ಇದರಲ್ಲಿ ಅಸಮಾಧಾನಕ್ಕೆ ಕಾರಣವಿಲ್ಲ. ದೊಡ್ಡ ಪಟ್ಟಣಗಳಲ್ಲಿ ಮಾತ್ರ ದೊರೆಯುತ್ತಿದ್ದ ಪುಸ್ತಕ, ಯಂತ್ರ, ಉಪಕರಣಗಳು ರಾಜ್ಯದ ತುತ್ತತುದಿಯ ಈ ಜಿಲ್ಲೆಯ ಮನೆಬಾಗಿಲಿಗೆ ಬರುತ್ತಿರುವದು ಸಂತೋಷದ ಸಂಗತಿಯೇ. ಆದರೆ ಈ ಹೊಸ ಪೇಟೆಯಲ್ಲಿ ಸರಕಿನ ಬೆಲೆಗಿಂತ ರಿಯಾಯಿತಿಯ ಡಂಗುರವೇ ದೊಡ್ಡದಾಗಿ ಕೇಳಿಬರುತ್ತಿರುವದನ್ನೂ, ಆ ಡಂಗುರದಲ್ಲಿ ನಿಜವೆಷ್ಟು ಸುಳ್ಳೆಷ್ಟು ಎಂಬದನ್ನು ಅಳೆಯಲು ಗಿರಾಕಿಯ ಕೈಯಲ್ಲಿ ಯಾವ ಸಾಧನವೂ ಇಲ್ಲದಿರುವದನ್ನೂ ನಾವು ಅಲಕ್ಷಿಸುವಂತಿಲ್ಲ.

ಮೊದಲು ಈ ಯುಕ್ತಿಯ ಸ್ವರೂಪವನ್ನು ನೋಡೋಣ. ಒಂದು ಮಿಕ್ಸರ್ ಯಂತ್ರದ ಪೆಟ್ಟಿಗೆಯ ಮೇಲೆ 4,000 ರೂಪಾಯಿ ಎಂದು ಅಚ್ಚಾಗಿದೆಯೆಂದು ಇಟ್ಟುಕೊಳ್ಳೋಣ. ವರುಷವಿಡೀ ಅದು ಮಾರುತ್ತಿದ್ದುದು 1,700 ರೂಪಾಯಿಗೆ. ಹಬ್ಬದ ವಾರದಲ್ಲಿ ಅದನ್ನು 1,600ಕ್ಕೆ ಇಳಿಸಿ, 4,000ದ ಮೇಲೆ ಅಡ್ಡಗೀಟು ಎಳೆದು, ‘ಶೇಕಡಾ 60 ರಿಯಾಯಿತಿ’ ಎಂದು ಕೆಂಪು ಅಕ್ಷರಗಳಲ್ಲಿ ಸಾರುತ್ತಾರೆ. ನಿಜವಾಗಿ ಇಳಿದದ್ದು ನೂರೇ ರೂಪಾಯಿ. ಅಂದರೆ ಶೇಕಡಾ 6ಕ್ಕೂ ಕಡಿಮೆ. ಲೆಕ್ಕದಲ್ಲಿ ತಪ್ಪಿಲ್ಲ, 4,000ದಲ್ಲಿ 60 ಪಾಲು ಕಳೆದರೆ 1,600 ಉಳಿಯುವದು ದಿಟ. ತಪ್ಪಿರುವದು ಅಡ್ಡಗೀಟಿನ ಕೆಳಗೆ ಇರುವ ಅಂಕಿಯಲ್ಲಿ. ಯಾರೂ ಎಂದೂ ಕೊಟ್ಟಿರದ ಬೆಲೆಯನ್ನು ಮೊದಲು ಬರೆದು, ಆಮೇಲೆ ಅದನ್ನು ಕಾಟು ಹಾಕಿ ಔದಾರ್ಯದ ಕೀರ್ತಿಯನ್ನು ಪಡೆಯುವದೇ ಈ ವ್ಯಾಪಾರದ ಗುಟ್ಟು.

ಇದು ಹೇಗೆ ಸಾಧ್ಯವಾಯಿತು? ಪೊಟ್ಟಣದ ಮೇಲಿನ ಗರಿಷ್ಠ ಚಿಲ್ಲರೆ ಬೆಲೆ, ಎಂದರೆ ಎಲ್ಲರೂ ಬಲ್ಲ ಎಂ.ಆರ್.ಪಿ., ಗಿರಾಕಿಯ ರಕ್ಷಣೆಗಾಗಿಯೇ ಹುಟ್ಟಿದ್ದು. 2011ರ ಪೊಟ್ಟಣ ಸರಕುಗಳ ನಿಯಮಗಳಂತೆ ಎಲ್ಲ ತೆರಿಗೆಗಳನ್ನೂ ಒಳಗೊಂಡ ಈ ಬೆಲೆಯನ್ನು ಮೀರಿ ಯಾರೂ ಮಾರಕೂಡದು. 2018ರ ಜನವರಿ 1ರಿಂದ ಆನ್‌ಲೈನ್ ಅಂಗಡಿಗಳೂ ಅದನ್ನು ತೆರೆಯ ಮೇಲೆ ತೋರಿಸಬೇಕೆಂದು ವಿಧಿಸಲಾಯಿತು. ಆದರೆ ಔಷಧಗಳಂಥ ಕೆಲವು ಪದಾರ್ಥಗಳನ್ನು ಬಿಟ್ಟರೆ, ಆ ಅಂಕಿಯನ್ನು ಎಷ್ಟು ಎತ್ತರಕ್ಕೆ ಬರೆಯಬೇಕೆಂಬದು ತಯಾರಿಸುವವನ ಮರ್ಜಿಗೆ ಬಿಟ್ಟ ಮಾತಾಗಿದೆ. ಮೇಲಿನ ಮಿತಿಯೆಂದು ಕಾಯದೆಯು ಕಟ್ಟಿದ ಗೋಡೆಯನ್ನೇ ವ್ಯಾಪಾರಿಯು ರಿಯಾಯಿತಿಯ ಏಣಿಯನ್ನಾಗಿ ಮಾಡಿಕೊಂಡಿದ್ದಾನೆ.

‘ಹೇಗಾದರೂ 1,600ಕ್ಕೆ ಸಿಕ್ಕಿತಲ್ಲ, ಇದರಲ್ಲಿ ಮೋಸವೆಲ್ಲಿ?’ ಎಂದು ಕೇಳುವವರಿದ್ದಾರೆ. ಪ್ರಶ್ನೆಯು ಯುಕ್ತವಾಗಿದೆ, ಉತ್ತರವೂ ಇದೆ. ಅಡ್ಡಗೀಟು ಹಾಕಿದ ಬೆಲೆಯು ಬರಿಯ ಅಲಂಕಾರವಲ್ಲ, ಅದೊಂದು ಸಾಕ್ಷ್ಯ. ಈ ಸರಕು 4,000 ರೂಪಾಯಿಯ ಯೋಗ್ಯತೆಯದು ಎಂದು ಅದು ಗಿರಾಕಿಗೆ ಹೇಳುತ್ತದೆ. ಆ ಸಾಕ್ಷ್ಯವನ್ನು ನಂಬಿ ಅವನು ಗುಣವನ್ನು ಪರೀಕ್ಷಿಸುವದನ್ನು ಬಿಡುತ್ತಾನೆ, ನೆರೆಯ ಅಂಗಡಿಯಲ್ಲಿ ಬೆಲೆ ಕೇಳುವದನ್ನು ಬಿಡುತ್ತಾನೆ, ಬೇಕಿಲ್ಲದ ವಸ್ತುವನ್ನೂ ಕಂತಿನ ಸಾಲ ಮಾಡಿ ಕೊಳ್ಳುತ್ತಾನೆ. ಅಗ್ಗ ಸೂರೆಯೆಂದು ಮುಗ್ಗು ಜೋಳ ಕೊಂಡರೆಂಬ ಗಾದೆಯು ಜೋಳ ಉಣ್ಣುವ ನಮ್ಮ ಸೀಮೆಯವರಿಗೆ ಹೊಸದಲ್ಲ. ಹಳೆಯ ಪೇಟೆಯಲ್ಲಿ ಜೋಳವನ್ನು ಬೊಗಸೆಯಲ್ಲಿ ಎತ್ತಿ ಮೂಸಿ ನೋಡುವ ಅವಕಾಶವಾದರೂ ಇತ್ತು. ತೆರೆಯ ಮೇಲಿನ ಪೇಟೆಯಲ್ಲಿ ಚಿತ್ರವನ್ನೂ ಅಂಕಿಯನ್ನೂ ಬಿಟ್ಟರೆ ಗಿರಾಕಿಗೆ ಬೇರೆ ಆಧಾರವಿಲ್ಲ. ಆ ಅಂಕಿಯೇ ಸುಳ್ಳಾದರೆ ಅವನು ಕುರುಡನಾದಂತೆಯೇ ಸರಿ.

ಈ ಒಂದು ಯುಕ್ತಿಯ ಜೊತೆಗೆ ಅದರ ಪರಿವಾರವೂ ಇದೆ. ‘ಎರಡೇ ಉಳಿದಿವೆ’, ‘ಹತ್ತು ನಿಮಿಷಗಳಲ್ಲಿ ಅವಧಿ ಮುಗಿಯುವದು’ ಎಂದು ಸುಳ್ಳು ಅವಸರ ಹುಟ್ಟಿಸುವದು, ಗಿರಾಕಿಯು ಕೇಳದ ವಿಮೆಯನ್ನೋ ದಾನವನ್ನೋ ಬುಟ್ಟಿಗೆ ಸೇರಿಸಿಬಿಡುವದು, ಹಣ ಕೊಡುವ ಕೊನೆಯ ಹೆಜ್ಜೆಯಲ್ಲಿ ಹೊಸ ಹೊಸ ಶುಲ್ಕಗಳನ್ನು ಹೊರತೆಗೆಯುವದು ಇವೆಲ್ಲ ಅದರ ಅಂಗಗಳು. ಇಂಥ 13 ಬಗೆಯ ವಂಚಕ ರಚನೆಗಳನ್ನು ಹೆಸರಿಸಿ ನಿಷೇಧಿಸುವ ಮಾರ್ಗಸೂಚಿಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿತು. 2025ರ ಜೂನಿನಲ್ಲಿ, ಮೂರು ತಿಂಗಳೊಳಗೆ ತಮ್ಮನ್ನು ತಾವೇ ತಪಾಸಣೆ ಮಾಡಿಕೊಳ್ಳಬೇಕೆಂದು ಆನ್‌ಲೈನ್ ಅಂಗಡಿಗಳಿಗೆ ಸೂಚನೆ ಕೊಟ್ಟಿತು. ಅದೇ ವರುಷ, ಮಕ್ಕಳ ಸಾಮಾನುಗಳನ್ನು ಮಾರುವ ಒಂದು ದೊಡ್ಡ ಸಂಸ್ಥೆಗೆ 2 ಲಕ್ಷ ರೂಪಾಯಿ ದಂಡವನ್ನು ವಿಧಿಸಿತು. ತೆರಿಗೆ ಸೇರಿದ ಬೆಲೆಯೆಂದು ತೋರಿಸಿ, ಇಳಿಸಿದ ಬೆಲೆಯ ಮೇಲೆ ಮತ್ತೆ ತೆರಿಗೆ ಹಾಕಿದ್ದರಿಂದ, ಶೇಕಡಾ 27 ಎಂದು ಸಾರಿದ ರಿಯಾಯಿತಿಯು ಗಿರಾಕಿಯ ಕೈಗೆ ಬರುವಾಗ ಶೇಕಡಾ 18ರ ಸುಮಾರಿಗೆ ಇಳಿದಿತ್ತು. ಒಂದು ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು 2017ರಲ್ಲಿಯೇ ಇಂಥ ನಡತೆಯನ್ನು ಅನ್ಯಾಯದ ವ್ಯಾಪಾರವೆಂದು ತೀರ್ಮಾನಿಸಿತ್ತು. ಎಂಟು ವರುಷಗಳಾದ ಮೇಲೆಯೂ ಅದೇ ತಪ್ಪು ನಡೆದಿರುವದನ್ನು ನೋಡಿದರೆ, ದಂಡದ ಭಯವು ಲಾಭದ ಆಸೆಗಿಂತ ಬಹಳ ಹಗುರಾಗಿದೆಯೆಂದು ಹೇಳಬೇಕಾಗುತ್ತದೆ.

ಈ ಪದ್ಧತಿಯಿಂದ ಹಾನಿಯಾಗುವದು ಕೊಳ್ಳುವವನಿಗೆ ಮಾತ್ರವಲ್ಲ. ನ್ಯಾಯವಾದ ಬೆಲೆಯನ್ನು ಒಂದೇ ಮಾತಿನಲ್ಲಿ ಹೇಳುವ ಊರ ವರ್ತಕನು ಸುಳ್ಳು ರಿಯಾಯಿತಿಯ ಮುಂದೆ ದುಬಾರಿಯವನಾಗಿ ಕಾಣುತ್ತಾನೆ. ಅವನು ಬದುಕಬೇಕಾದರೆ ತಾನೂ ಸುಳ್ಳು ಬರೆಯಬೇಕು, ಇಲ್ಲವೆ ಅಂಗಡಿಯ ಕದ ಮುಚ್ಚಬೇಕು. ಬೀದರದ ಬಿದರಿ ಕೆಲಸದವರ ಸಂಗತಿಯು ಇದಕ್ಕೂ ಹೆಚ್ಚಿನ ವಿಚಾರಕ್ಕೆ ಯೋಗ್ಯವಾದದ್ದು. ಸತು ತಾಮ್ರಗಳ ಎರಕದ ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಬೆಳ್ಳಿಯ ತಂತಿಯನ್ನು ಕೂಡಿಸಿ, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿ ಕಪ್ಪೇರಿಸುವ ಈ ಕಲೆಯು ಬಹಮನಿ ಅರಸರ ಕಾಲದಿಂದ ಉಳಿದು ಬಂದದ್ದು. ಅದಕ್ಕೆ 2006ರಲ್ಲಿ ಭೌಗೋಳಿಕ ಗುರುತಿನ ನೋಂದಣಿಯು ದೊರೆಯಿತು. 2023ರಲ್ಲಿ ಕುಶಲಕರ್ಮಿ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿಯು ಬಂದು ಜಿಲ್ಲೆಯ ಮಾನ ಹೆಚ್ಚಿತು. ಇಂಥ ಹೂದಾನಿಯೊಂದಕ್ಕೆ ತಗಲುವ ಬೆಳ್ಳಿಗೂ ದಿನಗಟ್ಟಲೆಯ ದುಡಿತಕ್ಕೂ ಒಂದು ಲೆಕ್ಕವಿದೆ; ಅದರಲ್ಲಿ ಅರುವತ್ತು ಎಪ್ಪತ್ತು ಪಾಲು ಬಿಡುವದು ಯಾವ ಕುಶಲಕರ್ಮಿಗೂ ಸಾಧ್ಯವಿಲ್ಲ. ಕಪ್ಪು ಬಣ್ಣ ಬಳಿದ ನಕಲಿ ಸಾಮಾನಿನ ಮೇಲೆ ದೊಡ್ಡ ಬೆಲೆ ಬರೆದು ಗೀಟೆಳೆಯುವವನಿಗೆ ಮಾತ್ರ ಅದು ಸಾಧ್ಯ. ರಿಯಾಯಿತಿಯನ್ನೇ ಯೋಗ್ಯತೆಯ ಗುರುತೆಂದು ಗಿರಾಕಿಯು ಎಣಿಸತೊಡಗಿದರೆ ನಿಜವಾದ ಕಸುಬು ಸೋಲುವದು, ಸುಳ್ಳು ಅಂಕಿಯು ಗೆಲ್ಲುವದು. ಕಾಯಕದ ಹಿರಿಮೆಯನ್ನು ಸಾರಿದ ಕಲ್ಯಾಣವು ಇದೇ ಜಿಲ್ಲೆಯಲ್ಲಿದೆಯೆಂಬದನ್ನು ನಾವು ನೆನೆಯಬೇಕು.

ಕಾಯದೆಯು ಏನನ್ನೂ ಹೇಳಿಲ್ಲವೆಂದಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯದೆಯು, ಒಂದು ಸರಕು ಸಾಮಾನ್ಯವಾಗಿ ಯಾವ ಬೆಲೆಗೆ ಮಾರಾಟವಾಗುತ್ತಿದೆಯೆಂಬ ವಿಷಯದಲ್ಲಿ ಜನರನ್ನು ದಾರಿ ತಪ್ಪಿಸುವದನ್ನು ಅನ್ಯಾಯದ ವ್ಯಾಪಾರವೆಂದೇ ಎಣಿಸಿದೆ. ಸುಳ್ಳು ಜಾಹೀರಾತಿಗೆ 10 ಲಕ್ಷ ರೂಪಾಯಿಯ ವರೆಗೂ, ಮರಳಿ ಅದೇ ತಪ್ಪು ಮಾಡಿದರೆ 50 ಲಕ್ಷದ ವರೆಗೂ ದಂಡ ವಿಧಿಸುವ ಅಧಿಕಾರವು ಪ್ರಾಧಿಕಾರಕ್ಕೆ ಇದೆ. ತತ್ವವು ಇದೆ, ದಂಡವೂ ಇದೆ, ಇಲ್ಲದಿರುವದು ಅಳತೆ. ‘ಸಾಮಾನ್ಯ ಬೆಲೆ’ ಎಂದರೆ ಯಾವ ದಿನದ ಬೆಲೆ? ನಿನ್ನೆಯದೋ, ಹೋದ ತಿಂಗಳದೋ, ಹೋದ ವರುಷದ್ದೋ? ಕಾಯದೆಯು ದಿನಗಳನ್ನು ಎಣಿಸಿ ಹೇಳಿಲ್ಲ. ಪೇಟೆಯ ತಕ್ಕಡಿಗೂ ತೂಕದ ಕಲ್ಲಿಗೂ ಸರಕಾರದ ಮುದ್ರೆ ಇರಬೇಕು, ಅವುಗಳನ್ನು ಕಾಲಕಾಲಕ್ಕೆ ಪರೀಕ್ಷೆಗೆ ಒಪ್ಪಿಸಬೇಕು. ಹತ್ತು ಗ್ರಾಮು ಕಡಿಮೆ ತೂಗಿದವನು ದಂಡ ತೆರಬೇಕು. ಸಾವಿರಾರು ರೂಪಾಯಿಗಳ ರಿಯಾಯಿತಿಯನ್ನು ತೂಗುವ ಕಲ್ಲನ್ನು ಮಾತ್ರ ವ್ಯಾಪಾರಿಯು ತನ್ನ ಮನೆಯಲ್ಲಿಯೇ ಕಡೆದುಕೊಳ್ಳಬಹುದು!

ಅಳತೆಯನ್ನು ಗೊತ್ತುಪಡಿಸುವದು ಅಸಾಧ್ಯವೇನೂ ಅಲ್ಲ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2022ರ ಮೇ 28ರಿಂದ ಅನ್ವಯವಾಗುತ್ತಿರುವ ನಿಯಮದಂತೆ, ಬೆಲೆ ಇಳಿಸಿದೆನೆಂದು ಸಾರುವ ವ್ಯಾಪಾರಿಯು ಹಿಂದಿನ ಬೆಲೆಯನ್ನೂ ತೋರಿಸಬೇಕು. ಆ ಹಿಂದಿನ ಬೆಲೆಯೆಂದರೆ, ಇಳಿಕೆಗೆ ಮುಂಚಿನ ಕನಿಷ್ಠ 30 ದಿನಗಳಲ್ಲಿ ಅವನು ವಿಧಿಸಿದ್ದ ಅತಿ ಕಡಿಮೆ ಬೆಲೆ. ಶೇಕಡಾವಾರು ರಿಯಾಯಿತಿಯನ್ನೂ ಆ ಬೆಲೆಯ ಮೇಲೆಯೇ ಲೆಕ್ಕ ಹಾಕಬೇಕೆಂದು ಒಕ್ಕೂಟದ ನ್ಯಾಯಾಲಯವು 2024ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟಿತು. ಈ ನಿಯಮದ ಮುಂದೆ ನಮ್ಮ ಮಿಕ್ಸರಿನ ‘ಶೇಕಡಾ 60’ ಕೂಡಲೇ ಕರಗಿ ಶೇಕಡಾ 6ರ ಒಳಗೆ ಬಂದು ನಿಲ್ಲುವದು. ಹಬ್ಬಕ್ಕೆ ಮುಂಚೆ ಒಂದು ವಾರ ಬೆಲೆಯನ್ನು ಏರಿಸಿ ಹಬ್ಬದ ದಿನ ಇಳಿಸುವ ಆಟವೂ ನಿಲ್ಲುವದು. ಇದಕ್ಕೆ ಹೊಸ ಕಚೇರಿ ಬೇಕಿಲ್ಲ, ಹೊಸ ತೆರಿಗೆ ಬೇಕಿಲ್ಲ. ಪ್ರತಿಯೊಂದು ಸರಕಿನ ಪ್ರತಿದಿನದ ಬೆಲೆಯು ಆನ್‌ಲೈನ್ ಅಂಗಡಿಗಳ ಗಣಕಗಳಲ್ಲಿ ಆಗಲೇ ದಾಖಲಾಗಿರುತ್ತದೆ. ಅದನ್ನು ಗಿರಾಕಿಯ ಕಣ್ಣಿಗೆ ತೋರಿಸಬೇಕಷ್ಟೆ. ಕೇಂದ್ರ ಸರಕಾರವು 2020ರ ಇ-ವಾಣಿಜ್ಯ ನಿಯಮಗಳಿಗೆ ಇಂಥದೊಂದು ನಿಯಮವನ್ನು ಸೇರಿಸತಕ್ಕದ್ದೆಂದು ನಾವು ಒತ್ತಿ ಹೇಳುತ್ತೇವೆ. ‘ನಾವು ಬರಿಯ ಮಧ್ಯಸ್ಥರು, ಬೆಲೆ ಬರೆಯುವವರು ಮಾರಾಟಗಾರರು’ ಎಂಬ ಸಬೂಬಿಗೆ ಅದರಲ್ಲಿ ಎಡೆಯಿರಕೂಡದು. ತನ್ನ ಜಗಲಿಯ ಮೇಲೆ ಸಾರಿದ ಡಂಗುರಕ್ಕೆ ಜಗಲಿಯ ಯಜಮಾನನೂ ಹೊಣೆಯಾಗಬೇಕು.

ದಿಲ್ಲಿಯಿಂದ ನಿಯಮ ಬರುವ ವರೆಗೆ ಇಲ್ಲಿ ಕೈಕಟ್ಟಿ ಕುಳಿತಿರಬೇಕೆಂದಿಲ್ಲ. ಸುಳ್ಳು ಜಾಹೀರಾತು, ಅನ್ಯಾಯದ ವ್ಯಾಪಾರಗಳ ಬಗ್ಗೆ ದೂರು ಬಂದಾಗ ವಿಚಾರಣೆ ಮಾಡಿ ಪ್ರಾಧಿಕಾರಕ್ಕೆ ವರದಿ ಕಳಿಸುವ ಅಧಿಕಾರವನ್ನು ಕಾಯದೆಯು ಜಿಲ್ಲಾಧಿಕಾರಿಗಳಿಗೇ ಕೊಟ್ಟಿದೆ. ಈ ಅಧಿಕಾರವು ಕಡತದಲ್ಲಿ ಮಲಗಿರದೆ ಹಬ್ಬದ ತಿಂಗಳುಗಳಲ್ಲಿ ಎಚ್ಚರವಾಗಬೇಕು. ಆನ್‌ಲೈನ್ ಅಂಗಡಿಗಳ ಹೊರಮುಖವು ಕನ್ನಡದಲ್ಲಿ ಕಂಡರೂ, ಗಿರಾಕಿಯ ಕೈಕಟ್ಟುವ ಕರಾರುಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಉಳಿದಿರುತ್ತವೆ. ಕೊಳ್ಳಿರೆಂದು ಕರೆಯುವ ಭಾಷೆಯಲ್ಲಿಯೇ ಕರಾರನ್ನೂ ಹೇಳತಕ್ಕದ್ದು ನ್ಯಾಯ.

ಇನ್ನು ನಮ್ಮ ವಾಚಕರ ಕರ್ತವ್ಯ. ದೊಡ್ಡ ವಸ್ತುವೊಂದನ್ನು ಕೊಳ್ಳುವ ವಿಚಾರವಿದ್ದರೆ, ಹಬ್ಬಕ್ಕೆ ಒಂದು ತಿಂಗಳು ಮುಂಚೆಯೇ ಅದರ ಬೆಲೆಯನ್ನು ಬರೆದಿಟ್ಟುಕೊಳ್ಳಿರಿ. ಊರ ಅಂಗಡಿಯಲ್ಲಿಯೂ ವಿಚಾರಿಸಿರಿ. ಶೇಕಡಾವನ್ನು ನೋಡದೆ ಕೊನೆಯಲ್ಲಿ ತೆರಬೇಕಾದ ಒಟ್ಟು ಹಣವನ್ನು ನೋಡಿರಿ. ಜಾಹೀರಾತು, ರಸೀದಿ, ಹಣ ಕೊಟ್ಟ ದಾಖಲೆಗಳ ಚಿತ್ರಗಳನ್ನು ಕಾದಿಡಿರಿ. ಮೋಸವೆಂದು ಕಂಡರೆ ಮೊದಲು ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅವನು 48 ಗಂಟೆಗಳಲ್ಲಿ ದೂರು ಮುಟ್ಟಿತೆಂದು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕೆಂದು ನಿಯಮವಿದೆ. ಅಲ್ಲಿ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೇ ಹೇಳಬಹುದು. ಅದಕ್ಕೂ ಮುಂದೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾರಿದವನು ಬೆಂಗಳೂರಿನಲ್ಲಿರಲಿ, ದಿಲ್ಲಿಯಲ್ಲಿರಲಿ, ಕೊಂಡವನು ತಾನಿರುವ ಜಿಲ್ಲೆಯಲ್ಲಿಯೇ ದಾವೆ ಹೂಡಬಹುದು, 5 ಲಕ್ಷ ರೂಪಾಯಿಯ ವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು, ಎರಡು ವರುಷಗಳ ಅವಧಿ ಇದೆ. ಔರಾದದ ಒಬ್ಬ ಶಿಕ್ಷಕನು ಬೀದರದಲ್ಲಿ ನಿಂತು ದೇಶದ ಅತಿ ದೊಡ್ಡ ವ್ಯಾಪಾರಿಯನ್ನು ಪ್ರಶ್ನಿಸಲು ಇಷ್ಟು ಸಾಕು.

‘ನೂರಿನ್ನೂರು ರೂಪಾಯಿಗಾಗಿ ಯಾರು ಅಲೆಯಬೇಕು?’ ಎಂಬ ಉದಾಸೀನವೇ ಈ ವ್ಯಾಪಾರದ ದೊಡ್ಡ ಬಂಡವಾಳ. ಒಬ್ಬೊಬ್ಬನಿಂದ ನೂರು ರೂಪಾಯಿಯಂತೆ ಲಕ್ಷ ಜನರಿಂದ ಕಸಿದರೆ ಅದು ಒಂದು ಕೋಟಿಯಾಗುವದು. ಕಳಕೊಂಡ ಲಕ್ಷ ಜನರಲ್ಲಿ ಯಾರೂ ಬಾಯಿ ಬಿಡದಿದ್ದರೆ ಆ ಕೋಟಿಯು ನ್ಯಾಯವಾಗಿ ಗಳಿಸಿದ್ದೆಂದೇ ಲೆಕ್ಕಕ್ಕೆ ಬೀಳುವದು. ನಿಜವಾದ ರಿಯಾಯಿತಿಗೆ ನಾವು ವಿರೋಧಿಗಳಲ್ಲ. ಹಬ್ಬದ ದಿನ ಬಡವನ ಮನೆಗೆ ಒಂದು ವಸ್ತುವು ನಾಲ್ಕು ಕಾಸು ಕಡಿಮೆಯಲ್ಲಿ ಬರುವದಾದರೆ ಅದಕ್ಕಿಂತ ಒಳ್ಳೆಯದೇನಿದೆ? ಆದರೆ ಬಿಟ್ಟಿದ್ದೇನೆಂದು ಹೇಳುವವನು ಎಷ್ಟು ಹಣದಲ್ಲಿ ಎಷ್ಟನ್ನು ಬಿಟ್ಟನೆಂಬದನ್ನು ತೋರಿಸಲಿ. ತೋರಿಸಲು ಅಂಜುವವನ ತಕ್ಕಡಿಯನ್ನು ಪೇಟೆಯಿಂದ ಎತ್ತಿಸುವದು ಸರಕಾರದ ಧರ್ಮ. ಎತ್ತಿಸಿರೆಂದು ಕೇಳುವದು ಜನರ ಧರ್ಮ.