ಜೇನ್ ಐರಳು ಇಂಡಿಯಾಕ್ಕೆ ಏಕೆ ಬರಲಿಲ್ಲ?

ನಮ್ಮ ಪುಸ್ತಕಾಲಯದ ಆಂಗ್ಲ ಕಾದಂಬರಿಗಳಲ್ಲಿ ಷಾರ್ಲಟ್ ಬ್ರಾಂಟಿಯವರ ‘ಜೇನ್ ಐರ್’ ಕುರಿತು ಬರುವಷ್ಟು ಪ್ರಶ್ನೆಗಳು ಬೇರಾವುದನ್ನು ಕುರಿತೂ ಬರುವುದಿಲ್ಲ. ಹೆಂಡತಿಯುಳ್ಳ ಪುರುಷನನ್ನು ಪ್ರೀತಿಸಿದವಳ ಕಥೆಯನ್ನು ಮಿಷನ್ ಶಾಲೆಯಲ್ಲಿ ಓದಿಸಬಹುದೇ ಎಂದು ತಾಯ್ತಂದೆಗಳು ಕೇಳುತ್ತಾರೆ. ಭಕ್ತನಾದ ಸೇಂಟ್ ಜಾನ್ ರಿವರ್ಸನನ್ನು ನಿರಾಕರಿಸಿ ರಾಚೆಸ್ಟರನ ಬಳಿಗೆ ಆಕೆ ಏಕೆ ಹಿಂದಿರುಗಿದಳೆಂದು ಹಳೆಯ ವಿದ್ಯಾರ್ಥಿನಿಯರು ಕೇಳುತ್ತಾರೆ. ಚಲಚ್ಚಿತ್ರವನ್ನು ನೋಡಿದರೆ ಸಾಲದೇ ಎಂಬುದು ಈಗಿನ ಬಾಲಿಕೆಯರ ಪ್ರಶ್ನೆ.

ಮೊದಲನೆಯ ಆಕ್ಷೇಪವು ಹೊಸದಲ್ಲ. ಕರರ್ ಬೆಲ್ ಎಂಬ ಕಲ್ಪಿತ ಹೆಸರಿನಿಂದ 1847ರಲ್ಲಿ ಗ್ರಂಥವು ಹೊರಟ ಮರುವರ್ಷವೇ ಲಂಡನಿನ ಒಂದು ಪತ್ರಿಕೆಯು ಅದನ್ನು ಕ್ರೈಸ್ತಮತಕ್ಕೆ ವಿರೋಧವಾದುದೆಂದು ದೂಷಿಸಿತು. ಆದರೆ ಜೇನಳು ಮಾಡಿದ್ದೇನು? ರಾಚೆಸ್ಟರನ ಹೆಂಡತಿಯು ಬದುಕಿರುವಳೆಂದು ತಿಳಿದ ಮೇಲೆ, ಬೆಳಗಾಗುವ ಮುನ್ನವೇ ಇಪ್ಪತ್ತು ಷಿಲ್ಲಿಂಗುಗಳೊಡನೆ ಆ ಮನೆಯನ್ನು ಬಿಟ್ಟು ಹೋದಳು. ಆಗಿನ ಇಂಗ್ಲೆಂಡಿನಲ್ಲಿ ಬುದ್ಧಿಭ್ರಮಣೆಯಾದ ಹೆಂಡತಿಯಿಂದ ವಿಚ್ಛೇದನವಿರಲಿಲ್ಲ. 1937ರವರೆಗೂ ಅದು ಕಾರಣವೆಂದು ಎಣಿಸಲ್ಪಡಲಿಲ್ಲ. ಏಳನೆಯ ಆಜ್ಞೆಯನ್ನು ಹಸಿವಿನಿಂದ ಬಳಲಿಯೂ ಕೈಕೊಂಡವಳನ್ನು ನಮ್ಮ ಮಕ್ಕಳಿಂದ ಮರೆಮಾಡಬೇಕೇ? ಆಕೆ ಹಿಂದಿರುಗುವಾಗ ಆ ಹೆಂಡತಿಯು ಸತ್ತಿರುವುದು ಆಕೆಗೆ ತಿಳಿದಿರಲಿಲ್ಲವೆಂಬುದು ನಿಜ. ಆ ಸುದ್ದಿಯನ್ನು ಒಂದು ವಸತಿಗೃಹದಲ್ಲಿ ಕೇಳುವಂತೆ ಮಾಡಿ, ಎರಡನೆಯ ಪರೀಕ್ಷೆಯಿಂದ ಆಕೆಯನ್ನು ಲೇಖಕಿಯು ತಪ್ಪಿಸಿಬಿಟ್ಟಳು. ಅದು ಕಥೆಯಲ್ಲಿನ ಬಲಹೀನತೆಯೆಂದೇ ನನ್ನ ಮತ. ಜಮೇಕಾದಿಂದ ಬಂದ ಆ ನಿರ್ಭಾಗ್ಯಳ ಪಕ್ಷವನ್ನು ಕೇಳಲಿಚ್ಛಿಸುವವರು ಜೀನ್ ರಿಸ್ ಎಂಬಾಕೆ 1966ರಲ್ಲಿ ಬರೆದ ‘ವೈಡ್ ಸಾರ್ಗಾಸೊ ಸೀ’ ಓದಬೇಕು.

ಎರಡನೆಯ ಪ್ರಶ್ನೆಯೇ ನಮಗೆ ಹತ್ತಿರವಾದದ್ದು. ಸೇಂಟ್ ಜಾನನು ನಮ್ಮ ಈ ಇಂಡಿಯಾಕ್ಕೇ ಮಿಷನರಿಯಾಗಿ ಹೊರಟವನು. ಜೇನಳು ಕಲಿಯುತ್ತಿದ್ದ ಜರ್ಮನ್ ಭಾಷೆಯನ್ನು ಬಿಡಿಸಿ ಆಕೆಗೆ ಹಿಂದೂಸ್ಥಾನಿಯನ್ನು ಕಲಿಸಿದನು. ಬಳಿಕ, ನನ್ನ ಹೆಂಡತಿಯಾಗಿ ಬಾ, ಇದು ದೇವರ ಕರೆ, ಎಂದನು. ಜೇನಳು ದೇವರ ಕೆಲಸವನ್ನು ಬೇಡವೆನ್ನಲಿಲ್ಲ. ತಂಗಿಯಂತೆ, ಸಹಾಯಕಳಂತೆ ಬರುವೆನು. ಪ್ರೀತಿಯಿಲ್ಲದ ಮದುವೆಗೆ ಮಾತ್ರ ಒಪ್ಪೆನು ಎಂದಳು. ಅವಿವಾಹಿತಳು ಜತೆಯಲ್ಲಿ ಬರಕೂಡದೆಂದು ಹಟಹಿಡಿದವನು ಅವನೇ. ಆದರೆ ಪೂರ್ವದೇಶಗಳ ಸ್ತ್ರೀವಿದ್ಯಾಭ್ಯಾಸಕ್ಕಾಗಿ ಅವಿವಾಹಿತ ಉಪಾಧ್ಯಾಯಿನಿಯರನ್ನು ಕಳುಹಿಸುವ ಸಂಘವೊಂದು 1834ರಲ್ಲಿಯೇ ಲಂಡನಿನಲ್ಲಿ ಸ್ಥಾಪಿತವಾಗಿತ್ತು. ಅಂಥ ಸ್ತ್ರೀಯರು ಬಾರದೆ ಹೋಗಿದ್ದರೆ ಈ ನಾಡಿನ ಎಷ್ಟೋ ಹೆಣ್ಣುಮಕ್ಕಳ ಶಾಲೆಗಳಿಗೆ ಬಾಗಿಲೇ ತೆರೆಯುತ್ತಿರಲಿಲ್ಲ.

ಬ್ರಾಂಟಿಯವರೂ ಸಭಾಪಾಲಕರ ಮಗಳೇ. 1839ರಲ್ಲಿ ಹೆನ್ರಿ ನಸಿ ಎಂಬ ಬೋಧಕನು ಮದುವೆಗೆ ಕೇಳಿದಾಗ ಪತ್ರ ಬರೆದು ವಿನಯದಿಂದ ನಿರಾಕರಿಸಿದರು. ಹುಡುಗನು ದೈವಭಕ್ತನು, ಮನೆತನವು ಒಳ್ಳೆಯದು, ಆದುದರಿಂದ ಇವಳು ಬೇಡವೆನ್ನುವುದು ಅಹಂಕಾರ ಎಂಬ ಮಾತನ್ನು ನಮ್ಮ ಸಭೆಗಳಲ್ಲಿ ಈಗಲೂ ಕೇಳುತ್ತೇವೆ. ತಂದೆತಾಯಂದಿರು ಆ ಅಧ್ಯಾಯವನ್ನು ತಾವೇ ಒಮ್ಮೆ ಓದಬೇಕೆಂದು ಬೇಡುತ್ತೇನೆ. ದುಷ್ಟನನ್ನು ಬೇಡವೆನ್ನಲು ಧೈರ್ಯ ಬೇಕು. ಒಳ್ಳೆಯವನು ದೇವರ ಹೆಸರಿನಲ್ಲಿ ಒತ್ತಾಯಿಸುವಾಗ ಬೇಡವೆನ್ನಲು ಇನ್ನೂ ಹೆಚ್ಚು ಬೇಕು.

ಚಲಚ್ಚಿತ್ರಗಳು ಎಡವುವುದು ಇಲ್ಲಿಯೇ. ಆರ್ಸನ್ ವೆಲ್ಸನೂ ಜೋನ್ ಫಾಂಟೇನಳೂ ನಟಿಸಿದ 1943ರ ಚಿತ್ರದಲ್ಲಿ ಈ ಮಿಷನರಿಯೇ ಇಲ್ಲ. ರಿವರ್ಸ್ ಎಂಬ ಹೆಸರನ್ನು ಒಬ್ಬ ವೈದ್ಯನಿಗೆ ಕೊಟ್ಟು ಮುಗಿಸಿದ್ದಾರೆ. ಬೆಂಕಿ, ಕತ್ತಲೆ, ಗಾಳಿ ಯಥೇಷ್ಟವಾಗಿವೆ. ದಿಲೀಪ್ ಕುಮಾರ್, ಮಧುಬಾಲಾ ಇವರ 1952ರ ಹಿಂದೀ ‘ಸಂಗ್‌ದಿಲ್’ ಸಹ ಇದೇ ಕಥೆಯಿಂದ ಹುಟ್ಟಿದ್ದು. 2011ರ ಆಂಗ್ಲ ಚಿತ್ರವು ಜೇನಳ ಪಲಾಯನದಿಂದಲೇ ಆರಂಭವಾಗಿ ರಿವರ್ಸನ ಮನೆಗೆ ತಕ್ಕ ಸ್ಥಾನವನ್ನು ಕೊಟ್ಟಿರುವುದರಿಂದ ನನಗೆ ಮೆಚ್ಚಿಗೆಯಾಯಿತು. ಆದರೂ ಅದು ದಂಪತಿಗಳ ಪುನರ್ಮಿಲನಕ್ಕೆ ನಿಂತುಬಿಡುತ್ತದೆ. ಪುಸ್ತಕದ ಕಡೆಯ ಮಾತುಗಳು ರಾಚೆಸ್ಟರನನ್ನು ಕುರಿತವಲ್ಲ, ಜೇನಳನ್ನು ಕುರಿತವೂ ಅಲ್ಲ. ಇಂಡಿಯಾದಲ್ಲಿ ಒಬ್ಬಂಟಿಗನಾಗಿ ದುಡಿದು, ಮರಣವನ್ನು ನಿರ್ಭಯದಿಂದ ಎದುರುನೋಡುತ್ತಿರುವ ಸೇಂಟ್ ಜಾನನನ್ನು ಕುರಿತವು. ತಾನು ನಿರಾಕರಿಸಿದವನಿಗೆ ಜೇನಳು ಕೊಟ್ಟ ಆ ಗೌರವವನ್ನು ಯಾವ ಬಾಲಿಕೆಯೂ ತಪ್ಪಿಸಿಕೊಳ್ಳಬಾರದೆಂದೇ ನಾನು ಸಂಕ್ಷೇಪ ಪ್ರತಿಗಳನ್ನು ತರಿಸದೆ ಪೂರ್ಣಗ್ರಂಥವನ್ನೇ ಒಂಬತ್ತನೆಯ ತರಗತಿಯವರಿಗೆ ಕೊಡಿಸುತ್ತಿದ್ದೇನೆ.