ವಿಡಿಯೊ ನೋಡಿ ಮುಗಿಸಿದರೆ ತರಬೇತಿ ಮುಗಿದಂತೆಯೇ?

ಹುಬ್ಬಳ್ಳಿ ತಾಲೂಕಿನ ಶಿರಗುಪ್ಪಿಯಂಥ ಊರಿನಿಂದ ತರಬೇತಿಗೆ ಹೋಗುವುದೆಂದರೆ ಹುಬ್ಬಳ್ಳಿಗೋ ಧಾರವಾಡಕ್ಕೋ ಬಸ್ ಹಿಡಿಯಬೇಕು. ಈಗ ಶಿಕ್ಷಕರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ತರಬೇತಿಯ ಒಂದಷ್ಟು ಭಾಗ ಮೊಬೈಲ್‌ಗೇ ಬರುತ್ತಿದೆ. ಪಾಠ ನೋಡಿ, ಕೊನೆಯ ಪ್ರಶ್ನೆಗಳಿಗೆ ಉತ್ತರಿಸಿದರೆ ಪ್ರಮಾಣಪತ್ರವೂ ಸಿಗುತ್ತದೆ. ಹಾಗಾದರೆ ಕಲಿಕೆ ಆಯಿತೇ? ಇ-ಕಲಿಕೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ನೋಡೋಣ.

ಇ-ಕಲಿಕೆ ಎಂದರೇನು?

ಕಂಪ್ಯೂಟರ್, ಮೊಬೈಲ್, ಇಂಟರ್ನೆಟ್ ಮೂಲಕ ನಡೆಯುವ ಕಲಿಕೆಯೇ ಇ-ಕಲಿಕೆ. ಇದರಲ್ಲಿ ಮುಖ್ಯವಾಗಿ ಮೂರು ಬಗೆ: ನಮ್ಮ ಬಿಡುವಿನಲ್ಲಿ ನಾವೇ ನೋಡಿ ಕಲಿಯುವುದು, ನಿಗದಿತ ಸಮಯದ ನೇರ ತರಗತಿ, ಮತ್ತು ಆನ್‌ಲೈನ್ ಪಾಠದ ಜೊತೆ ಮುಖಾಮುಖಿ ಅಭ್ಯಾಸವನ್ನೂ ಸೇರಿಸಿದ ಮಿಶ್ರ ಕಲಿಕೆ.

ದೂರದಿಂದ ತರಬೇತಿ ಕೊಡುವುದು ಕರ್ನಾಟಕಕ್ಕೆ ಹೊಸದೇನಲ್ಲ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯು ಗ್ರಾಮ ಪಂಚಾಯಿತಿ ಸದಸ್ಯರಿಗೆ ಉಪಗ್ರಹದ ಮೂಲಕ ತರಬೇತಿ ನೀಡಿತ್ತು. ಸದಸ್ಯರು ತಾಲೂಕು ಕೇಂದ್ರದಲ್ಲಿ ಸೇರಿ ಪಾಠ ನೋಡಿ, ಮೈಸೂರಿನ ತಜ್ಞರಿಗೆ ಪ್ರಶ್ನೆ ಕೇಳುತ್ತಿದ್ದರು. ಚರ್ಚೆ ನಡೆಸಲು ಪಕ್ಕದಲ್ಲೇ ಸಂಪನ್ಮೂಲ ವ್ಯಕ್ತಿ ಇರುತ್ತಿದ್ದರು. 2017ರಲ್ಲಿ ಶಿಕ್ಷಕರಿಗಾಗಿ 'ದೀಕ್ಷಾ' ವೇದಿಕೆ ಶುರುವಾಯಿತು. 2020ರಲ್ಲಿ ಕೋವಿಡ್ ಬಂದಾಗ ಆರೋಗ್ಯ ಸಿಬ್ಬಂದಿಯ ತರಬೇತಿಯೂ ಇದೇ ವೇದಿಕೆಗೆ ಬಂತು.

ನಂಬಿಕೆ 1: ಪೂರ್ತಿ ನೋಡಿದರೆ ಕಲಿತಂತೆ

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಒಂದು ಗುಂಪಿನ ವಿದ್ಯಾರ್ಥಿಗಳು ಪಾಠವನ್ನು ನಾಲ್ಕು ಅವಧಿಗಳಲ್ಲೂ ಓದಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿತು: ಓದಿದವರಿಗೆ ಸುಮಾರು ಶೇ. 40ರಷ್ಟು ನೆನಪಿದ್ದರೆ, ನೆನಪಿಸಿಕೊಂಡು ಬರೆದವರಿಗೆ ಶೇ. 61ರಷ್ಟು. ವಿಡಿಯೊ ಮುಗಿದ ಕೂಡಲೇ ಕೇಳುವ ಪ್ರಶ್ನೆಗಳು ಯಾಕೆ ಸುಲಭ ಎನಿಸುತ್ತವೆ ಎಂಬುದು ಇದರಿಂದ ತಿಳಿಯುತ್ತದೆ. ಅದೇ ಪ್ರಶ್ನೆಗಳನ್ನು ವಾರ ಬಿಟ್ಟು ಮತ್ತೆ ಕೇಳುವ ಕೋರ್ಸ್ ಹೆಚ್ಚು ಕಲಿಸುತ್ತದೆ.

ನಂಬಿಕೆ 2: ಯಾವ ಕೆಲಸವನ್ನಾದರೂ ಮೊಬೈಲ್‌ನಲ್ಲೇ ಕಲಿಸಬಹುದು

ಮಕ್ಕಳ ಅಪೌಷ್ಟಿಕತೆ ಗುರುತಿಸಲು ತೋಳಿನ ಸುತ್ತಳತೆ ಅಳೆಯುವ ಪಟ್ಟಿಯನ್ನು ಬಳಸುತ್ತಾರೆ. 6ರಿಂದ 59 ತಿಂಗಳ ಮಗುವಿನ ಅಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಈ ಸಂಖ್ಯೆಯನ್ನು ವಿಡಿಯೊ ಚೆನ್ನಾಗಿಯೇ ಕಲಿಸುತ್ತದೆ. ಆದರೆ ಎಡತೋಳಿನ ನಡುಭಾಗವನ್ನು ಸರಿಯಾಗಿ ಗುರುತಿಸಿ, ಪಟ್ಟಿಯನ್ನು ಬಿಗಿಯೂ ಆಗದಂತೆ ಸಡಿಲವೂ ಆಗದಂತೆ ಸುತ್ತುವುದು ಕೈಗೆ ಬರಬೇಕಾದ ಕೆಲಸ. ಪಟ್ಟಿ ಸ್ವಲ್ಪ ಸಡಿಲವಾಗಿ 11.3 ಇದ್ದದ್ದು 11.8 ಎಂದು ಕಂಡರೆ, ಚಿಕಿತ್ಸೆ ಸಿಗಬೇಕಾದ ಮಗು ಲೆಕ್ಕದಿಂದಲೇ ತಪ್ಪಿಹೋಗುತ್ತದೆ. ಅಳೆದವರ ಬಳಿ ಪ್ರಮಾಣಪತ್ರ ಇದ್ದರೂ ಆ ತಪ್ಪು ಫೋನಿಗೆ ಕಾಣುವುದಿಲ್ಲ. ಪಕ್ಕದಲ್ಲಿ ನಿಂತು ನೋಡುವ ಮೇಲ್ವಿಚಾರಕಿಗೆ ಕಾಣುತ್ತದೆ.

ನಂಬಿಕೆ 3: ಆನ್‌ಲೈನ್ ಎಂದರೆ ಕಳಪೆ

ಇದೂ ಪೂರ್ತಿ ನಿಜವಲ್ಲ. ಅಮೆರಿಕದ ಶಿಕ್ಷಣ ಇಲಾಖೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಬರೀ ತರಗತಿಯ ಪಾಠಕ್ಕಿಂತ ಮಿಶ್ರ ಕಲಿಕೆ ಹೆಚ್ಚು ಫಲ ನೀಡಿತ್ತು. ಆದರೆ ಅಲ್ಲಿ ಕಲಿಯುವವರಿಗೆ ಹೆಚ್ಚಿನ ಸಮಯ ಮತ್ತು ಸಾಮಗ್ರಿಯೂ ಸಿಕ್ಕಿತ್ತು; ಆದ್ದರಿಂದ ಶ್ರೇಯಸ್ಸೆಲ್ಲ ತಂತ್ರಜ್ಞಾನದ್ದೇ ಎನ್ನಲಾಗದು ಎಂದು ವರದಿಯೇ ಎಚ್ಚರಿಸಿತು.

ಹಾಗಾದರೆ ಏನು ಮಾಡಬೇಕು?

ತಿಳಿಯಬೇಕಾದದ್ದನ್ನು ಮೊಬೈಲ್‌ನಲ್ಲಿ ಕಲಿಸಿ, ಮಾಡಬೇಕಾದದ್ದನ್ನು ಎದುರಿಗೆ ಮಾಡಿಸಿ ನೋಡುವುದು ಒಳ್ಳೆಯ ದಾರಿ. ಕಲಿಯಲು ಕೆಲಸದ ವೇಳೆಯಲ್ಲೇ ಬಿಡುವು ಕೊಡಬೇಕು. ಇಲ್ಲದಿದ್ದರೆ ಬಸ್ಸಿನ ಖರ್ಚು ಉಳಿದರೂ ಆ ಹೊರೆ ಕಾರ್ಯಕರ್ತೆಯ ರಾತ್ರಿಯ ನಿದ್ದೆಯ ಮೇಲೆ ಬೀಳುತ್ತದೆ. ಇನ್ನು ತರಬೇತಿಯ ಯಶಸ್ಸನ್ನು ಅಳೆಯುವಾಗ ಎಷ್ಟು ಜನ ಕೋರ್ಸ್ ಮುಗಿಸಿದರು ಎಂದು ಕೇಳಿದರೆ ಸಾಲದು. ತಿಂಗಳ ನಂತರ ಎಷ್ಟು ಜನ ಸರಿಯಾಗಿ ಅಳೆಯುತ್ತಿದ್ದಾರೆ ಎಂದೂ ನಾವು ಕೇಳಬೇಕು.