ತವರಿನಲ್ಲಿ ಹೊಸಬ

ಎರಡು ಅಕ್ಷರಗಳು ಕೂಡುವಾಗ ಒಂದು ಲೋಪವಾಗುವುದುಂಟು, ಹೊಸದೊಂದು ಆಗಮವಾಗುವುದುಂಟು, ಒಂದರ ಸ್ಥಾನದಲ್ಲಿ ಮತ್ತೊಂದು ಆದೇಶವಾಗುವುದುಂಟು. ಏನೂ ಆಗದೆ ಎರಡೂ ಇದ್ದಂತೆಯೇ ನಿಲ್ಲುವುದೂ ಉಂಟು. ಅದಕ್ಕೆ ಪ್ರಕೃತಿಭಾವವೆಂದು ಹೆಸರು. ಬಹುಕಾಲ ಇದನ್ನು ಮಕ್ಕಳಿಗೆ ಪಾಠ ಹೇಳಿದ ನನಗೆ, ಮನುಷ್ಯರು ಮನುಷ್ಯರೊಡನೆ ಕೂಡುವಲ್ಲಿಯೂ ಇವೇ ಗತಿಗಳು ಕಾಣುತ್ತವೆ. ಈ ಸಲ ಅದಕ್ಕೆ ಉದಾಹರಣೆಯನ್ನು ಕಾಲ್ಚೆಂಡಾಟದಿಂದ ಎತ್ತಿಕೊಂಡರೆ ವಾಚಕರು ಮುನಿಯಲಾರರೆಂದು ನಂಬುತ್ತೇನೆ. ನಮ್ಮ ಮನೆಗಳ ಹುಡುಗರು ನಿದ್ದೆಗೆಟ್ಟು ನೋಡುವ ಆಟವಾದುದರಿಂದ ಹಿರಿಯರಿಗೂ ಅದರ ಪರಿಚಯ ತಕ್ಕಮಟ್ಟಿಗೆ ಇರುವುದಷ್ಟೆ.

ಸ್ಪೇನ್ ದೇಶದ ಕಟಲೋನಿಯಾ ಪ್ರಾಂತದಲ್ಲಿ 1987ರಲ್ಲಿ ಹುಟ್ಟಿದ ಸೆಸ್ಕ್ ಫ್ಯಾಬ್ರೆಗಾಸ್ ಎಂಬವನು ಹತ್ತನೆಯ ವಯಸ್ಸಿನ ಸುಮಾರಿಗೆ ಬಾರ್ಸಿಲೋನಾ ತಂಡದ ಬಾಲಶಾಲೆಯನ್ನು ಸೇರಿದನು. ಅದೇ ವರ್ಷ ಹುಟ್ಟಿದ ಮೆಸ್ಸಿ, ಪಿಕೆ ಎಂಬವರು ಅಲ್ಲಿ ಅವನ ಜತೆಗಾರರಾಗಿದ್ದರು. 2003ರಲ್ಲಿ, ಹದಿನಾರು ತುಂಬಿದ ಕೆಲವೇ ತಿಂಗಳಲ್ಲಿ, ಅವನು ಲಂಡನ್ನಿನ ಆರ್ಸೆನಲ್ ತಂಡಕ್ಕೆ ಹೊರಟುಹೋದನು. ಅಲ್ಲಿ ಆರ್ಸೆನ್ ವೆಂಗರ್ ಎಂಬ ಗುರುವಿನ ಕೈಯಲ್ಲಿ ಬೆಳೆದು 2008ರಲ್ಲಿ ನಾಯಕನೂ ಆದನು. ಅವನು ನಡುವಣ ಸಾಲಿನವನು. ಈಗಿನವರು ಮಿಡ್‌ಫೀಲ್ಡರ್ ಎನ್ನುತ್ತಾರೆ. ಚೆಂಡಿರುವಲ್ಲಿಗೆ ತಾನೇ ಹೋಗುವುದು, ದಾರಿ ಕಂಡೊಡನೆ ದೂರದ ಗೆಳೆಯನಿಗೆ ಅದನ್ನು ಮುಟ್ಟಿಸುವುದು, ಹಿಂದೆಯೇ ಓಡಿ ಗೋಲಿನ ಬಳಿ ಹಾಜರಾಗುವುದು, ಇದು ಅವನ ರೀತಿ. ತಂಡವೇ ಅವನ ಸುತ್ತ ತಿರುಗುತ್ತಿತ್ತು.

2011ರ ಆಗಸ್ಟಿನಲ್ಲಿ ಅವನು ಬಾರ್ಸಿಲೋನಾಕ್ಕೆ ಮರಳಿದನು. ಆ ತಂಡವು ಅದೇ ಮೇ ತಿಂಗಳಲ್ಲಿ ಯುರೋಪಿನ ಚಾಂಪಿಯನ್ ಪದವಿಯನ್ನು ಗೆದ್ದಿತ್ತು. ನಡುವಣ ಸಾಲಿನಲ್ಲಿ ಷಾವಿ, ಇನಿಯೆಸ್ತಾ, ಬುಸ್ಕೆಟ್ಸ್ ಎಂಬ ಮೂವರು, ಮೂವರೂ ಅದೇ ಶಾಲೆಯವರು.

ಆ ಮನೆಯ ಆಟದ ಮರ್ಮವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಹಾಲೆಂಡಿನ ಯೋಹಾನ್ ಕ್ರಾಯ್ಫ್ ಎಂಬವನು 1988ರಿಂದ 1996ರ ತನಕ ಅಲ್ಲಿ ತರಬೇತುದಾರನಾಗಿದ್ದು ನೆಲೆಗೊಳಿಸಿದ ಪದ್ಧತಿಯದು. ಆಟಗಾರನು ಚೆಂಡನ್ನು ಅರಸಿ ಅಲೆಯತಕ್ಕದ್ದಲ್ಲ. ತನ್ನ ಸ್ಥಾನದಲ್ಲಿದ್ದರೆ ಚೆಂಡೇ ಅವನಲ್ಲಿಗೆ ಬರುತ್ತದೆ. ಅಂಚಿನಲ್ಲಿ ಸುಮ್ಮನೆ ನಿಂತವನಂತೆ ಕಾಣುವವನು ಎದುರಾಳಿಯೊಬ್ಬನನ್ನು ಅಲ್ಲಿಯೇ ಕಟ್ಟಿಹಾಕಿರುತ್ತಾನೆ. ಅದರಿಂದ ನಡುವೆ ತೆರಪುಂಟಾಗುತ್ತದೆ. ಉತ್ಸಾಹದಿಂದ ಅವನು ಚೆಂಡಿನ ಬಳಿಗೆ ಓಡಿಬಂದನೋ, ಎದುರಾಳಿಯೂ ಜತೆಗೆ ಬಂದು ತೆರಪು ಮುಚ್ಚಿಹೋಗುತ್ತದೆ. ಇನ್ನು ಚೆಂಡನ್ನು ಅವಸರದಿಂದ ಮುಂದಕ್ಕೆ ಕಳುಹಿದರೆ, ಜತೆಗಾರರು ಬಂದು ಸೇರುವ ಮೊದಲೇ ಅದು ಕಳೆದುಹೋಗಬಹುದು. ಆಗ ಮರಳಿ ಕಸಿದುಕೊಳ್ಳಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ. ಲಂಡನ್ನಿನಲ್ಲಿ ಗುಣವೆನಿಸಿದುದೇ ಇಲ್ಲಿ ದೋಷವೆನಿಸಿತು.

ಷಾವಿಯ ಸ್ಥಾನಕ್ಕೆ ಇವನು ಆದೇಶವಾಗುವನೆಂದು ಬಹಳ ಮಂದಿ ಎಣಿಸಿದ್ದರು. ಆದರೆ ಸ್ಥಾನಿಯು ಕದಲದೆ ಇರುವಾಗ ಆದೇಶಕ್ಕೆ ಎಡೆಯೆಲ್ಲಿ? ಷಾವಿಯು 2015ರ ತನಕ ಅಲ್ಲಿಯೇ ಇದ್ದನು. ಇವನನ್ನು ಒಮ್ಮೆ ಮುಂದಣ ಸಾಲಿಗೆ ದಾಟಿಸಿದರು, ಒಮ್ಮೆ ಬದಿಗೆ ಸರಿಸಿದರು. ಮೂರು ವರ್ಷಗಳಲ್ಲಿ ಗ್ವಾರ್ಡಿಯೋಲಾ, ವಿಲಾನೋವಾ, ಮಾರ್ಟಿನೋ ಎಂದು ಗುರುಗಳೂ ಮೂವರಾದರು. 151 ಆಟಗಳಲ್ಲಿ 42 ಗೋಲು ಹೊಡೆದನೆಂಬುದು ಸೋತವನ ಲೆಕ್ಕವಲ್ಲ. ಆದರೂ ತವರಿನ ಪ್ರೇಕ್ಷಕರೇ ಸಿಳ್ಳು ಹಾಕಿ ಹಳಿದರು. 2014ರಲ್ಲಿ ಅವನನ್ನು ಮಾರಿದಾಗ, ಪ್ರತಿವರ್ಷವೂ ಮೊದಲಲ್ಲಿ ಬೆಳಗಿ ಕೊನೆಯಲ್ಲಿ ಮಂಕಾಗುತ್ತಿದ್ದನೆಂದು ತಂಡದವರು ಬಹಿರಂಗವಾಗಿಯೇ ಬರೆದರು. ಹೊರಟವನ ಬೆನ್ನ ಹಿಂದೆ ಇಂಥ ಮಾತು ಮರ್ಯಾದೆಯದೆಂದು ನನಗೆ ತೋರುವುದಿಲ್ಲ.

“ಅಜ್ಜಾ, ಅವನಲ್ಲಿ ಅಷ್ಟು ಶಕ್ತಿ ಇರಲಿಲ್ಲ” ಎಂದು ನನ್ನ ಮೊಮ್ಮಗನ ಮತ. ನಾನು ಒಪ್ಪಲಾರೆ. ಅದೇ ಬೇಸಗೆಯಲ್ಲಿ ಅವನು ಚೆಲ್ಸಿ ತಂಡವನ್ನು ಸೇರಿದನು. ಅಲ್ಲಿ ದಿಯೇಗೋ ಕೋಸ್ತಾ ಎಂಬವನು ಮುಂದೆ ಓಡುತ್ತ, ಇವನು ಬೇಗ ಕಳುಹುವ ಚೆಂಡಿಗಾಗಿಯೇ ಕಾದಿರುತ್ತಿದ್ದನು. 2014-15ರ ಇಂಗ್ಲೆಂಡಿನ ಲೀಗಿನಲ್ಲಿ ಇತರರ 18 ಗೋಲುಗಳಿಗೆ ಇವನೇ ಚೆಂಡನ್ನು ಒದಗಿಸಿದನು. ತಂಡ ಪ್ರಶಸ್ತಿ ಗೆದ್ದಿತು. ಕಾಲುಗಳು ಅವೇ, ಕಣ್ಣುಗಳು ಅವೇ. ಕೆಲವೇ ತಿಂಗಳಲ್ಲಿ ಶಕ್ತಿ ಎಲ್ಲಿಂದ ಬಂದೀತು?

ನನ್ನ ಎಣಿಕೆಯಲ್ಲಿ ತಪ್ಪು ಹೆಚ್ಚಾಗಿ ಕರೆತಂದವರದು. ಬಾಲ್ಯದ ಪಾಠವು ಅಳಿಯದೆ ಉಳಿದಿರುವುದೆಂದು ಅವರು ನೆಚ್ಚಿದರು. ಹದಿನಾರರಿಂದ ಇಪ್ಪತ್ತನಾಲ್ಕರ ತನಕ, ಮನುಷ್ಯನ ನಡೆನುಡಿ ಗಟ್ಟಿಯಾಗುವ ಕಾಲದಲ್ಲಿ, ಅವನು ಮತ್ತೊಂದು ಮನೆಯ ಅನ್ನ ಉಂಡಿದ್ದನಲ್ಲವೆ? ನಮ್ಮಲ್ಲಿಯೂ ಹೀಗೆಯೇ. ಪರವೂರಿನಿಂದ ಬಂದ ಸೊಸೆಗೆ ಅಡುಗೆಮನೆಯ ಡಬ್ಬಗಳನ್ನು ಒಂದೊಂದಾಗಿ ತೋರಿಸಿಕೊಡುತ್ತೇವೆ. ತಪ್ಪಿದರೆ, ಹೊಸಬಳು ಎಂದು ಸೈರಿಸುತ್ತೇವೆ. ಓದಿಗೋ ಉದ್ಯೋಗಕ್ಕೋ ಹೋಗಿ ಎಂಟು ವರ್ಷದ ಮೇಲೆ ಮರಳಿದ ಮಗನಿಗೆ ಮಾತ್ರ ಯಾರೂ ಏನನ್ನೂ ತೋರಿಸುವುದಿಲ್ಲ, ಅವನಿಗೆ ಎಲ್ಲವೂ ಗೊತ್ತೆಂದು ತಿಳಿಯುತ್ತೇವೆ. ಅವನು ಊಟದ ಹೊತ್ತು ತಪ್ಪಿಸಿದರೆ, ಮಾತು ಬೇರೆಯಾಗಿ ಆಡಿದರೆ, “ಇವನು ನಮ್ಮ ಹುಡುಗನೇ ಅಲ್ಲ” ಎನ್ನುತ್ತೇವೆ. ಹೊರಗಿನವರಿಗೆ ದೊರೆಯುವ ಸೈರಣೆ ಅವನಿಗೆ ದೊರೆಯುವುದಿಲ್ಲ.

ಫ್ಯಾಬ್ರೆಗಾಸನು 2023ರಲ್ಲಿ ಆಟ ನಿಲ್ಲಿಸಿ, 2024ರಲ್ಲಿ ಇಟಲಿಯ ಕೋಮೋ ತಂಡಕ್ಕೆ ಮುಖ್ಯ ತರಬೇತುದಾರನಾದನು. ಹೊಸದಾಗಿ ಬಂದ ಹುಡುಗರಿಗೆ ಎಲ್ಲಿ ನಿಲ್ಲಬೇಕೆಂದು ತೋರಿಸಿಕೊಡುವ ಕೆಲಸ ಅಲ್ಲಿ ಅವನದಾಯಿತು.